ಸ್ಟೀಫನ್ ಕೆನಿಯನ್ನು ನೋಡಿ ನಾನು ತಂಡ ಕಟ್ಟಿದ್ದು

ಐರ್ಲೆಂಡಿನ ಲೌತ್ ಕೌಂಟಿಯಲ್ಲಿ ಒಂದು ಹವ್ಯಾಸಿ ಫುಟ್‌ಬಾಲ್ ಕ್ಲಬ್ಬಿದೆ. ಅದರ ಎರಡನೇ ತಂಡಕ್ಕೆ ನಾನು ಮ್ಯಾನೇಜರ್, ಅಂದರೆ ಆಟಗಾರರನ್ನು ಆರಿಸಿ ಆಡಿಸುವವನು. ಸಂಬಳ ಗಿಂಬಳ ಏನೂ ಇಲ್ಲ. ಹಗಲು ಸಾಫ್ಟ್‌ವೇರ್ ಕೆಲಸ, ಮಂಗಳವಾರ ರಾತ್ರಿ ಪ್ರಾಕ್ಟೀಸು, ಭಾನುವಾರ ಬೆಳಿಗ್ಗೆ ಪಂದ್ಯ. ಗೋಲಿಗೆ ಬಲೆ ಕಟ್ಟುವುದು, ರೆಫರಿಯ ದುಡ್ಡನ್ನು ಕವರಿನಲ್ಲಿ ಎತ್ತಿಡುವುದು, ಕೆಸರು ಮೆತ್ತಿದ ಜೆರ್ಸಿಗಳನ್ನು ಮನೆಗೆ ತಂದು ಒಗೆಯುವುದು, ಇವೆಲ್ಲ ಮ್ಯಾನೇಜರನ ಲೆಕ್ಕಕ್ಕೇ ಸೇರಿದ ಕೆಲಸಗಳು. ನನ್ನ ಹೆಂಡತಿ ಇದಕ್ಕೆ ಇಟ್ಟಿರುವ ಹೆಸರು ಧೋಬಿ ಲೀಗ್.

ಆಸ್ಟಿನ್ ಟೌನಿನಲ್ಲಿ ಬೆಳೆದವನಿಗೆ ಫುಟ್‌ಬಾಲ್ ಹೊಸದಲ್ಲ. ಕ್ರಿಕೆಟ್ಟೇ ದೇವರು ಅನ್ನುವ ಬೆಂಗಳೂರಿನೊಳಗೆ ಫುಟ್‌ಬಾಲಿಗಾಗಿ ಬದುಕುವ ಬಡಾವಣೆ ಅದು. ಆದರೆ ಆಡುವುದು ಬೇರೆ, ಆಡಿಸುವುದು ಬೇರೆ. ಇಲ್ಲಿನ ಫುಟ್‌ಬಾಲ್ ಸಂಸ್ಥೆಯ ಆರಂಭದ ಕೋಚಿಂಗ್ ಕೋರ್ಸು ಮಾಡಿದೆ. ಪೊಲೀಸ್ ಪರಿಶೀಲನೆ, ಮಕ್ಕಳ ಸುರಕ್ಷತೆಯ ತರಬೇತಿ, ಕೋನುಗಳನ್ನು ಎಷ್ಟು ದೂರಕ್ಕೊಂದು ಇಡಬೇಕು ಅನ್ನುವುದು, ಎಲ್ಲ ಕಲಿಸಿದರು. ದುಡ್ಡಿಲ್ಲದ ಕ್ಲಬ್ಬಿಗೆ ಆಟಗಾರರನ್ನು ಎಲ್ಲಿಂದ ತರುವುದು, ತಂದವರಿಗೆ ಎಂಥ ಆಟ ಕಲಿಸುವುದು ಅನ್ನುವುದು ಮಾತ್ರ ಅಲ್ಲಿ ಸಿಗಲಿಲ್ಲ. ಅದು ನನಗೆ ಸಿಕ್ಕಿದ್ದು ಐರಿಷ್ ಫುಟ್‌ಬಾಲ್ ಮ್ಯಾನೇಜರ್ ಸ್ಟೀಫನ್ ಕೆನಿಯ ವೃತ್ತಿಜೀವನದಲ್ಲಿ.

ಕೆನಿ ಡಬ್ಲಿನ್ನಿನ ಟಾಲಾ ಕಡೆಯವರು. ಆಟಗಾರರಾಗಿ ಹೆಸರು ಮಾಡಿದವರಲ್ಲ. 1998ರಲ್ಲಿ, ಇನ್ನೂ 26 ವರ್ಷವಿದ್ದಾಗ, ನಡುನಾಡಿನ ಲಾಂಗ್‌ಫರ್ಡ್ ಟೌನ್ ಎಂಬ ಪುಟ್ಟ ಕ್ಲಬ್ಬು ಅವರ ಕೈಗೆ ಬಂತು. ಎರಡೇ ವರ್ಷದಲ್ಲಿ ಅದನ್ನು ಐರಿಷ್ ಲೀಗಿನ ಮೇಲಿನ ಹಂತವಾದ ಪ್ರೀಮಿಯರ್ ಡಿವಿಜನ್ನಿಗೆ ಏರಿಸಿದರು, 2001ರಲ್ಲಿ ದೇಶದ ಮುಖ್ಯ ನಾಕೌಟ್ ಟೂರ್ನಿಯಾದ ಎಫ್‌ಎಐ ಕಪ್ ಫೈನಲ್ಲಿಗೂ ಮುಟ್ಟಿಸಿದರು. ಆಮೇಲೆ ಬೊಹೀಮಿಯನ್ಸ್‌ನಲ್ಲಿ ಲೀಗ್ ಗೆದ್ದರು. ಡೆರಿ ಸಿಟಿಯೊಂದಿಗೆ 2006ರಲ್ಲಿ ಯುಇಎಫ್‌ಎ ಕಪ್ಪಿನಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗನ್ನು ಎರಡೂ ಪಂದ್ಯಗಳಲ್ಲಿ ಸೋಲಿಸಿದರು, ಸ್ಕಾಟ್ಲೆಂಡಿನಲ್ಲಿ ಗ್ರೆಟ್ನಾ ತಂಡಕ್ಕೆ 5-1ರಿಂದ ಹೊಡೆದರು, ಪ್ಯಾರಿಸ್ ಸೇಂಟ್ ಜರ್ಮನ್ ತಂಡವನ್ನು ತಮ್ಮೂರಿನಲ್ಲಿ ಒಂದು ಗೋಲೂ ಹೊಡೆಯಲು ಬಿಡದೆ ಕಳಿಸಿದರು.

ಇಲ್ಲಿಗೆ ನಿಲ್ಲಿಸಿದರೆ ಅದೊಂದು ಗೆದ್ದವರ ಕಥೆಯಾಗುತ್ತಿತ್ತು, ನನ್ನಂಥವನಿಗೆ ಪ್ರಯೋಜನವೇನೂ ಇರುತ್ತಿರಲಿಲ್ಲ. ಅಲ್ಲಿಂದ ಅವರು ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್‌ಗೆ ಹೋದರು. 2007ರಲ್ಲಿ ಆ ತಂಡ ಸ್ಕಾಟಿಷ್ ಕಪ್ ಫೈನಲ್ಲಿಗೆ ಬಂದು ಸೆಲ್ಟಿಕ್ ಎದುರು ಒಂದೇ ಗೋಲಿನಿಂದ ಸೋತಿತು. ಅದೇ ಸೀಸನ್ನಿನಲ್ಲಿ ಲೀಗಿನಲ್ಲಿ ಕೆಳಗಿನ ಡಿವಿಜನ್ನಿಗೂ ಇಳಿಯಿತು. ವರ್ಷ ಮುಗಿಯುವುದರೊಳಗೆ ಕೆಲಸ ಹೋಯಿತು. ಮತ್ತೆ ಡೆರಿ, ಆ ಕ್ಲಬ್ಬು ಕೆಳಗೆ ಬಿದ್ದಾಗ ಅಲ್ಲೇ ಇದ್ದು ಮೇಲಕ್ಕೆ ತಂದರು. ನಂತರ ದೇಶದ ದೊಡ್ಡ ಕ್ಲಬ್ಬುಗಳಲ್ಲೊಂದಾದ ಶ್ಯಾಮ್‌ರಾಕ್ ರೋವರ್ಸ್, 2012. ಒಂದು ಸೀಸನ್ ಪೂರ್ತಿಯಾಗುವ ಮೊದಲೇ ಹೊರಗೆ ಕಳಿಸಿದರು.

ಹಾಗೆ ಕೆಲಸ ಕಳೆದುಕೊಂಡ ಮನುಷ್ಯ ಆ ವರ್ಷದ ಕೊನೆಗೆ ನಮ್ಮ ಡಂಡಾಕ್‌ಗೆ ಬಂದರು. ಡಂಡಾಕ್ ಡಬ್ಲಿನ್‌ಗೂ ಬೆಲ್‌ಫಾಸ್ಟ್‌ಗೂ ಹೆಚ್ಚುಕಡಿಮೆ ಮಧ್ಯದಲ್ಲಿರುವ ಗಡಿಯೂರು. ಕ್ಲಬ್ಬು 1903ರಲ್ಲಿ ರೈಲ್ವೆ ಕಾರ್ಮಿಕರ ತಂಡವಾಗಿ ಶುರುವಾದದ್ದು. 2012ರಲ್ಲಿ ಅದು ದಿವಾಳಿಯ ಅಂಚಿಗೆ ಬಂದಿತ್ತು. ಕೊನೆಯ ಸ್ಥಾನಕ್ಕೆ ಜಾರಿ, ವಾಟರ್‌ಫರ್ಡ್ ಎದುರಿನ ಪ್ಲೇ-ಆಫ್ ಗೆದ್ದು ಮೇಲಿನ ಡಿವಿಜನ್ನಿನಲ್ಲಿ ಹೇಗೋ ಉಳಿದುಕೊಂಡಿತ್ತು. ಮೈದಾನ ಓರಿಯಲ್ ಪಾರ್ಕ್. ಹುಲ್ಲಿನ ಬದಲು ಆಸ್ಟ್ರೋ ಅನ್ನುವ ಕೃತಕ ಹಾಸು, ಗೋಡೆಗಳಲ್ಲಿ ಬಣ್ಣ ಎದ್ದಿದೆ, ಸೂರಿಲ್ಲದ ಕಡೆ ನಿಂತರೆ ಮಳೆಯಲ್ಲಿ ನೆನೆದುಕೊಂಡೇ ನೋಡಬೇಕು. ಆ ಮೈದಾನದಲ್ಲಿ ಕೆನಿ ಮೊದಲ ವರ್ಷ ಎರಡನೇ ಸ್ಥಾನ, 2014ರಿಂದ ಸತತ ಮೂರು ಲೀಗ್, 2015ರಲ್ಲೂ 2018ರಲ್ಲೂ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದರು.

ಹೇಗೆ ಅನ್ನುವುದಕ್ಕೆ ಉತ್ತರ ಆಟಗಾರರ ಪಟ್ಟಿಯಲ್ಲೇ ಇದೆ. ರಿಚಿ ಟೋವೆಲ್ ಸೆಲ್ಟಿಕ್‌ನಿಂದ ಹೊರಬಿದ್ದು ಬಂದವನು. 2015ರಲ್ಲಿ ಮಿಡ್‌ಫೀಲ್ಡರ್ ಆಗಿಯೇ ಲೀಗಿನಲ್ಲಿ 25 ಗೋಲು ಹೊಡೆದು ಬ್ರೈಟನ್‌ಗೆ ಹೋದ. ಪ್ಯಾಟ್ರಿಕ್ ಹೋಬನ್ ಹುಡುಗನಾಗಿದ್ದಾಗ ಬ್ರಿಸ್ಟಲ್ ಸಿಟಿಗೆ ಹೋಗಿ ನೆಲೆ ಸಿಗದೆ ಮರಳಿ ಗಾಲ್‌ವೇಯ ಪುಟ್ಟ ಕ್ಲಬ್ಬೊಂದರಲ್ಲಿ ಆಡುತ್ತಿದ್ದ. ಡೇವಿಡ್ ಮೆಕ್‌ಮಿಲನ್ ಓದಿನಲ್ಲಿ ಆರ್ಕಿಟೆಕ್ಟ್. ಬೇರೆಯವರು ಬೇಡವೆಂದವರನ್ನು ಕೆನಿ ಬಾಚಿಕೊಂಡರು ಅಂತ ಪತ್ರಿಕೆಗಳು ಬರೆಯುತ್ತಿದ್ದವು. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ಬೇಡವಾದವರು ಊರಿಗೊಬ್ಬರು ಸಿಗುತ್ತಾರೆ. ಕೆನಿ ಹುಡುಕಿದ್ದು ಚೆಂಡು ಕಾಲಿಗೆ ಬಂದರೆ ಹೆದರದವರನ್ನು. ಓಡುವ ಶಕ್ತಿ, ಎತ್ತರ, ಹಿಂದಿನ ಹೆಸರು ಎಲ್ಲ ಆಮೇಲೆ.

ನಾನು ಮೊದಲು ಅಳವಡಿಸಿಕೊಂಡಿದ್ದು ಇದನ್ನೇ. ನಮ್ಮ ಎರಡನೇ ತಂಡಕ್ಕೆ ಬರುವವರು ಮೊದಲನೆಯದರಲ್ಲಿ ಜಾಗ ಸಿಗದವರು, ಗೋದಾಮು, ಆಸ್ಪತ್ರೆ, ಮಾಂಸದ ಕಾರ್ಖಾನೆಗಳಲ್ಲಿ ಪಾಳಿ ಮಾಡುವವರು, ಇಲ್ಲಿಗೆ ಓದಲು ಬಂದ ಹುಡುಗರು. ಐರಿಷರು, ಪೋಲೆಂಡಿನವರು, ನೈಜೀರಿಯಾದವರು, ಕೇರಳದ ನರ್ಸುಗಳು, ಧಾರವಾಡದ ಒಬ್ಬ ಹುಡುಗ. ಟ್ರಯಲ್ಸ್‌ನಲ್ಲಿ ಓಟದ ಸ್ಪರ್ಧೆ ತೆಗೆದೇಬಿಟ್ಟೆ. ಎಂಟು ಹೆಜ್ಜೆ ಉದ್ದಗಲದ ಒಂದು ಚೌಕ, ಒಳಗೆ ಚೆಂಡನ್ನು ಕಾಲಿನಿಂದ ಕಾಲಿಗೆ ದಾಟಿಸುವವರು ನಾಲ್ವರು, ಕಿತ್ತುಕೊಳ್ಳುವವರು ಇಬ್ಬರು. ಹತ್ತು ನಿಮಿಷ ನಿಂತು ನೋಡಿದರೆ ಸಾಕು. ಪಾಸು ತಪ್ಪಿದ ಮೇಲೂ ‘ನನಗೆ ಕೊಡು’ ಅಂತ ಮತ್ತೆ ಕೈ ಎತ್ತುವವನು ಯಾರು, ನೆರಳಿನಲ್ಲಿ ಅಡಗುವವನು ಯಾರು ಅಂತ ಗೊತ್ತಾಗಿಬಿಡುತ್ತದೆ. ಹೊಟ್ಟೆ ಸ್ವಲ್ಪ ಮುಂದೆ ಬಂದಿದ್ದ ಮಧ್ಯವಯಸ್ಕ ಪೋಲಿಷ್ ಎಲೆಕ್ಟ್ರಿಷಿಯನ್ ಒಬ್ಬರು ಹಾಗೆ ಸಿಕ್ಕಿದರು. ಇಂದಿಗೂ ನಮ್ಮ ಆಟ ಅವರ ಸುತ್ತಲೇ ತಿರುಗುತ್ತದೆ.

ಇನ್ನು ಆಟದ ವಿಷಯ. 2016ರ ಸೆಪ್ಟೆಂಬರಿನಲ್ಲಿ ಡಂಡಾಕ್ ಯುರೋಪಾ ಲೀಗಿನ ಗುಂಪು ಹಂತದಲ್ಲಿ ಹಾಲೆಂಡಿನ ಎಝಡ್ ಅಲ್ಕ್‌ಮಾರ್ ತಂಡದ ಊರಿಗೆ ಹೋಗಿತ್ತು. ನಾಯಕ ಸ್ಟೀಫನ್ ಓಡೊನೆಲ್‌ಗೆ ಕೆಂಪು ಕಾರ್ಡ್ ಬಿದ್ದು ಹತ್ತೇ ಜನ ಉಳಿದರು. ಒಂದು ಗೋಲಿನ ಹಿನ್ನಡೆ ಬೇರೆ. ಪಂದ್ಯ ಮುಗಿಯಲು ಇನ್ನೇನು ಕ್ಷಣಗಳಿವೆ ಅನ್ನುವಾಗ ಬದಲಿಯಾಗಿ ಬಂದಿದ್ದ ಕಿಯರನ್ ಕಿಲ್ಡಫ್ ಸಮ ಮಾಡಿದ. ಎರಡು ವಾರದ ಬಳಿಕ ಟಾಲಾ ಮೈದಾನದಲ್ಲಿ ಮಕಾಬಿ ಟೆಲ್ ಅವೀವ್ ವಿರುದ್ಧ ಅವನದೇ ಒಂದು ಗೋಲಿನಿಂದ ಗೆಲುವು. ಯುರೋಪಿನ ಗುಂಪು ಹಂತದಲ್ಲಿ ಐರಿಷ್ ಕ್ಲಬ್ಬೊಂದು ಪಂದ್ಯ ಗೆದ್ದದ್ದು ಅದೇ ಮೊದಲು. ಅದಕ್ಕೂ ಮುಂಚೆ ಬೆಲಾರೂಸಿನ ಬಾಟೆ ಬೊರಿಸೊವ್ ತಂಡವನ್ನು 3-0ಯಿಂದ ಮಣಿಸಿದ್ದರು. (ಅದೇ ವರ್ಷ ನವೆಂಬರಿನಲ್ಲಿ, ಹುಟ್ಟಿ ಮೂರು ವರ್ಷವಾಗಿದ್ದ ಬೆಂಗಳೂರು ಎಫ್‌ಸಿ ದೋಹಾದಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿತು. ಆ ಶರತ್ಕಾಲದಲ್ಲಿ ನನ್ನ ನಿದ್ದೆ ಎರಡೂ ಕಡೆಯಿಂದ ಹಾಳಾಯಿತು.)

ಆ ಪಂದ್ಯಗಳಲ್ಲಿ ನಾನು ಕಣ್ಣಿಟ್ಟದ್ದು ಗೋಲುಗಳ ಮೇಲಲ್ಲ. ಡಂಡಾಕ್ ಗೋಲ್‌ಕೀಪರ್ ಚೆಂಡನ್ನು ಹೆಚ್ಚಾಗಿ ತನ್ನವರಿಗೇ ಕೊಡುತ್ತಿದ್ದ. ಸಣ್ಣ ಕ್ಲಬ್ಬು ದೊಡ್ಡವರೆದುರು ಹನ್ನೊಂದು ಜನರನ್ನು ಗೋಲಿನ ಮುಂದೆ ಕೂಡಿಹಾಕಬೇಕು, ಚೆಂಡು ಸಿಕ್ಕಿದರೆ ದೂರ ಒದೆಯಬೇಕು ಅನ್ನುವುದು ಈ ದೇಶದ ಹಳೇ ರೂಢಿ. ಕೆನಿ ಆ ರೂಢಿಗೆ ಸೊಪ್ಪು ಹಾಕಲಿಲ್ಲ.

ಅದನ್ನು ಕೆಸರಿನ ಮೈದಾನಕ್ಕೆ ಇಳಿಸುವುದೇ ನನ್ನ ನಿಜವಾದ ಕೆಲಸವಾಯಿತು. ಓರಿಯಲ್ ಪಾರ್ಕಿನಲ್ಲಿ ಚೆಂಡು ನೆಲಕ್ಕೆ ಅಂಟಿಕೊಂಡು ಉರುಳುತ್ತದೆ. ನಮ್ಮ ಮೈದಾನದಲ್ಲಿ ನವೆಂಬರ್ ಬಂದರೆ ಗೋಲಿನ ಮುಂದೆ ಹುಲ್ಲೇ ಇರುವುದಿಲ್ಲ, ನಾಟಿಗೆ ಹದವಾದ ಗದ್ದೆ. ಹಾಗಂತ ಇಡೀ ಮೈದಾನ ಹಾಗಿರುವುದಿಲ್ಲ. ಗೋಲಿನ ಮುಂದೆ ಗೆರೆ ಎಳೆದ ದೊಡ್ಡ ಚೌಕಟ್ಟಾದ ಪೆನಾಲ್ಟಿ ಬಾಕ್ಸಿನ ಎರಡು ಬದಿಗಳಲ್ಲಿ ಯಾರೂ ಹೆಚ್ಚು ತುಳಿಯದ ಹುಲ್ಲು ಉಳಿದಿರುತ್ತದೆ. 2019ರಲ್ಲಿ ಗೋಲ್ ಕಿಕ್ಕಿನ, ಅಂದರೆ ಎದುರಾಳಿ ಚೆಂಡನ್ನು ನಮ್ಮ ಗೋಲಿನ ಗೆರೆಯಾಚೆ ಕಳಿಸಿದಾಗ ನಾವು ಒದ್ದು ಆಟ ಮತ್ತೆ ಶುರು ಮಾಡುವುದರ, ನಿಯಮ ಬದಲಾಗಿ, ಚೆಂಡು ಬಾಕ್ಸ್ ದಾಟುವ ಮುನ್ನವೇ ನಮ್ಮವರು ಮುಟ್ಟಬಹುದು ಎಂದಾಯಿತು. ಚೆಂಡು ಆಟಕ್ಕೆ ಬರುವ ತನಕ ಎದುರಾಳಿಗಳು ಮಾತ್ರ ಹೊರಗೇ ನಿಲ್ಲಬೇಕು. ನಾನು ಹಿಡಿದದ್ದು ಇದನ್ನೇ. ನಡುವಿನ ಇಬ್ಬರು ರಕ್ಷಕರು, ಅಂದರೆ ಸೆಂಟರ್ ಬ್ಯಾಕ್‌ಗಳು, ಬಾಕ್ಸಿನೊಳಗೇ, ಕೆಸರು ಬಿಟ್ಟು ಬದಿಯ ಹುಲ್ಲಿನ ಮೇಲೆ. ನಮ್ಮ ಎಲೆಕ್ಟ್ರಿಷಿಯನ್ ಬಾಕ್ಸಿನ ತುದಿಯ ಕಮಾನಿನ ಹತ್ತಿರ, ಮೈಯನ್ನು ಅರ್ಧ ಹೊರಳಿಸಿಕೊಂಡು. ಎರಡು ಬದಿಯ ರಕ್ಷಕರಾದ ಫುಲ್ ಬ್ಯಾಕ್‌ಗಳು ಅಂಚಿನ ಗೆರೆಗೆ ಅಂಟಿಕೊಂಡು ಮುಂದೆ. ಚೆಂಡನ್ನು ಎದುರಾಳಿಯಿಂದ ದೂರವಿರುವ ಕಾಲಿನಲ್ಲೇ ತಗೋಬೇಕು. ಮೂರು ಪಾಸಿನೊಳಗೆ ಮುಂದೆ ದಾರಿ ಕಾಣದಿದ್ದರೆ ಬಲಗಡೆ ಮೂಲೆಗೆ ಉದ್ದಕ್ಕೆ ಹೊಡೆಯಬೇಕು, ಅದಕ್ಕೆ ಯಾರೂ ಬೈಯುವುದಿಲ್ಲ.

ನಮ್ಮ ಕೀಪರ್‌ಗೆ ಇದು ಸುತರಾಂ ಇಷ್ಟವಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ನೇರ ಪಂದ್ಯಕ್ಕೆ ಬರುವ ಆಸಾಮಿ, ಒದ್ದರೆ ಚೆಂಡು ಅರ್ಧ ಮೈದಾನ ದಾಟುತ್ತದೆ. ‘ಗ್ಯಾಫರ್ (ಇಲ್ಲಿ ಮ್ಯಾನೇಜರನನ್ನು ಕರೆಯುವುದು ಹಾಗೆ), ಇದು ಬಾರ್ಸಿಲೋನಾ ಅಲ್ಲ’ ಅಂದ. ‘ಹೌದು, ಡಂಡಾಕ್’ ಅಂದೆ. ಬಾಡಿಗೆ ಆಸ್ಟ್ರೋದ ಕಾಲುಭಾಗದಲ್ಲಿ ಐವರಿಗೆ ಮೂವರನ್ನು ಎದುರುಬಿಟ್ಟು, ಕೀಪರ್ ಚೆಂಡನ್ನು ಎತ್ತರಕ್ಕೆ ಒದೆಯುವಂತಿಲ್ಲ ಅಂತ ಕಟ್ಟು ಹಾಕಿ, ವಾರಗಟ್ಟಲೆ ಅದೊಂದನ್ನೇ ಆಡಿಸಿದೆ. ಗೋಲು ಬಿಟ್ಟುಕೊಟ್ಟೆವು, ಸುಳ್ಳೇಕೆ. ಒಂದು ಪಂದ್ಯದಲ್ಲಿ ಹಾಗೆ ಗೋಲು ಹೋದಾಗ ಧಾರವಾಡದ ಹುಡುಗ ಹತ್ತಿರ ಬಂದು, ‘ಅಣ್ಣಾ, ದೂರ ಒದ್ದಿದ್ರ ಮುಗೀತಿತ್ತಲ್ರೀ’ ಅಂದ. ‘ಒದ್ದಿದ್ರೆ ಚೆಂಡು ಮತ್ತೆ ಅವರಿಗೇ ತಾನೇ ಹೋಗ್ತಿತ್ತು? ನಡಿ’ ಅಂದೆ. ಸೀಸನ್ನಿನ ಎರಡನೇ ಅರ್ಧದಲ್ಲಿ ಎದುರಾಳಿಗಳ ಫಾರ್ವರ್ಡ್‌ಗಳು ನಮ್ಮ ಬಾಕ್ಸಿನತ್ತ ನುಗ್ಗಿ ಬರುವಾಗ ಅವರ ಬೆನ್ನಹಿಂದೆ ದೊಡ್ಡ ಬಯಲು ತೆರೆದುಕೊಳ್ಳತೊಡಗಿತು, ಅಂಚುಗಳಲ್ಲಿ ಓಡುವ ನಮ್ಮ ವಿಂಗರ್‌ಗಳಿಗೆ ಹಬ್ಬ. ಕೊನೆಗೆ ಡಿವಿಜನ್ನಿನ ಮಧ್ಯದಲ್ಲಿ ಮುಗಿಸಿದೆವು. ಅದಕ್ಕಿಂತ ನನಗೆ ಖುಷಿಯಾದದ್ದು, ಮಳೆಗಾಲದ ಮಂಗಳವಾರಗಳಲ್ಲೂ ಜನ ಪ್ರಾಕ್ಟೀಸಿಗೆ ಬರತೊಡಗಿದ್ದು. ಚೆಂಡು ತಲೆಯ ಮೇಲೆ ಹಾರುವುದನ್ನು ನೋಡಲು ಚಳಿಯಲ್ಲಿ ಯಾರು ಬರುತ್ತಾರೆ?

ಕೆನಿಯದನ್ನೆಲ್ಲ ಕಣ್ಣುಮುಚ್ಚಿ ತೆಗೆದುಕೊಂಡೆ ಅಂದುಕೊಳ್ಳಬೇಡಿ. 2020ರಲ್ಲಿ ಅವರು ಮಿಕ್ ಮೆಕಾರ್ಥಿ ಬಿಟ್ಟ ಜಾಗದಲ್ಲಿ ಐರ್ಲೆಂಡ್ ರಾಷ್ಟ್ರೀಯ ತಂಡದ ಮ್ಯಾನೇಜರ್ ಆದರು. ಅದೇ ಆಟವನ್ನು ಅಲ್ಲೂ ಆಡಿಸಲು ಹೋದರು. ಗೆವಿನ್ ಬಝೂನು, ಎವನ್ ಫರ್ಗುಸನ್‌ರಂಥ ಎಳೆಯರಿಗೆ ಬಾಗಿಲು ತೆರೆದರು. ಆದರೆ 2021ರಲ್ಲಿ ಡಬ್ಲಿನ್ನಿನಲ್ಲೇ ಲಕ್ಸೆಂಬರ್ಗ್ ಎದುರು ಸೋಲು, ಒಂದು ದೊಡ್ಡ ಟೂರ್ನಿಗೂ ಅರ್ಹತೆ ಇಲ್ಲ, 2023ರ ನವೆಂಬರಿನಲ್ಲಿ ಕೆಲಸ ಮುಗಿಯಿತು. ಪಬ್ಬುಗಳಲ್ಲಿ ಇದನ್ನು ಅವರ ಸಿದ್ಧಾಂತದ ಸೋಲು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಡಂಡಾಕ್‌ನಲ್ಲಿ ಅವರಿಗೆ ಅದೇ ಹುಡುಗರು ವರ್ಷದಿಂದ ವರ್ಷಕ್ಕೆ ದಿನವೂ ಸಿಗುತ್ತಿದ್ದರು. ರಾಷ್ಟ್ರೀಯ ತಂಡದಲ್ಲಿ ಸಿಗುವುದು ಕೆಲವು ತಿಂಗಳಿಗೊಮ್ಮೆ ಒಂದೆರಡು ವಾರ. ಈ ಆಟಕ್ಕೆ ಬೇಕಾದ ಬಂಡವಾಳ ದುಡ್ಡಲ್ಲ, ಒಟ್ಟಿಗೆ ಕಳೆಯುವ ಸಮಯ. ಸಣ್ಣ ಕ್ಲಬ್ಬಿಗೆ ದೊಡ್ಡವರಿಗಿಂತ ಜಾಸ್ತಿ ಸಿಗಬಹುದಾದದ್ದೂ ಅದೊಂದೇ.

ನನಗಿರುವುದು ವಾರಕ್ಕೊಂದು ಸಂಜೆ. ಅದರಲ್ಲಿ ಕೆನಿಯ ಇಡೀ ಆಟ ಹಿಡಿಸುವುದಿಲ್ಲ. ಅದಕ್ಕೇ ಗೋಲ್ ಕಿಕ್ ಒಂದನ್ನೇ ಎತ್ತಿಕೊಂಡೆ. ಮುಂದೆ ನಿಂತು ಚೆಂಡು ಕಿತ್ತುಕೊಳ್ಳುವ ಪ್ರೆಸ್ಸಿಂಗನ್ನು ಮುಟ್ಟಲೇ ಇಲ್ಲ. ಪಾಳಿ ಮುಗಿಸಿ ಬಂದವರ ಕಾಲಿಗೆ ಅದು ಆಗುವ ಮಾತಲ್ಲ. ಜನರನ್ನು ಉಳಿಸಿಕೊಳ್ಳಲು ಪಾಳಿಯ ಪಟ್ಟಿಯನ್ನು ತಿಂಗಳ ಮೊದಲೇ ಎಲ್ಲರಿಂದ ತರಿಸಿಕೊಂಡು ಅದಕ್ಕೆ ಹೊಂದಿಸಿ ತಂಡ ಮಾಡುತ್ತೇನೆ. ಭಾನುವಾರ ಬೆಳಿಗ್ಗೆ ಫೋನ್ ತೆಗೆಯದವನ ಹಿಂದೆ ಓಡುವುದಕ್ಕಿಂತ ಇದು ವಾಸಿ.

ಕೆನಿ 2024ರ ಮೇ ತಿಂಗಳಿನಲ್ಲಿ ಡಬ್ಲಿನ್ನಿನ ಸೇಂಟ್ ಪ್ಯಾಟ್ರಿಕ್ಸ್ ಅಥ್ಲೆಟಿಕ್ ಸೇರಿ ಮತ್ತೆ ಲೀಗಿಗೆ ಬಂದರು. ದೇಶದ ತಂಡ ನಡೆಸಿದ ಮೇಲೆ ಇಂಚಿಕೋರಿನ ಆ ಪುಟ್ಟ ಮೈದಾನಕ್ಕೆ ಬರಲು ಅವರಿಗೆ ಯಾವ ಮುಜುಗರವೂ ಇದ್ದಂತೆ ಕಾಣಲಿಲ್ಲ. ಶುಕ್ರವಾರ ಸಂಜೆ ಬಿಡುವಾದರೆ ಹೋಗಿ ಗೋಲಿನ ಹಿಂಬದಿ ನಿಲ್ಲುತ್ತೇನೆ, ಸೆಂಟರ್ ಬ್ಯಾಕ್‌ಗಳು ಎಲ್ಲಿ ನಿಲ್ಲುತ್ತಾರೆ ಅಂತ ಅಲ್ಲಿಂದಲೇ ಚೆನ್ನಾಗಿ ಕಾಣುವುದು.

ನನಗೆ ಸದ್ಯ ಎಡಗಾಲಿನ ಸೆಂಟರ್ ಬ್ಯಾಕ್ ಒಬ್ಬ ಬೇಕಾಗಿದ್ದಾನೆ. ಬಲಗಾಲಿನವನು ಎಡಬದಿಯಲ್ಲಿ ನಿಂತರೆ ಚೆಂಡನ್ನು ಒಳಕ್ಕೆ, ಆ ಕೆಸರಿನ ಕಡೆಗೇ ತರುತ್ತಾನೆ. ಲೌತ್ ಸುತ್ತಮುತ್ತ ಇರುವ ಕನ್ನಡಿಗರಲ್ಲಿ ಅಂಥವರು ಯಾರಾದರೂ ಇದ್ದರೆ ಒಂದು ಮಂಗಳವಾರ ರಾತ್ರಿ ಬೂಟು ಹಿಡಿದು ಬನ್ನಿ. ವಯಸ್ಸು ಕೇಳುವುದಿಲ್ಲ, ಮೊದಲ ತಿಂಗಳು ಫೀಸೂ ಇಲ್ಲ.