ಮಳೆಗಾಲಕ್ಕೆ ಮುನ್ನ ಹಿರಿಯರ ಊರುಗೋಲು, ವಾಕರ್ ಪರೀಕ್ಷಿಸಿ

ಜೂನ್‌ನಲ್ಲಿ ಮಡಿಕೇರಿ, ಭಾಗಮಂಡಲದ ಕಡೆ ಮಳೆ ಹಿಡಿದರೆ ಅಂಗಳವೂ ಮೆಟ್ಟಿಲೂ ಪಾಚಿಗಟ್ಟುತ್ತವೆ. ಆದ್ದರಿಂದ ಮನೆಯಲ್ಲಿ ಹಿರಿಯರಿರುವವರು ಅದಕ್ಕೂ ಮೊದಲೇ ಅವರ ಊರುಗೋಲನ್ನು ತಲೆಕೆಳಗು ಮಾಡಿ, ತುದಿಯ ರಬ್ಬರ್ ಬುಶ್ ಹೇಗಿದೆಯೆಂದು ನೋಡಬೇಕಾಗಿ ವಿನಂತಿ. ಅಡಿಯ ಗೆರೆಗಳು ಸವೆದು ನುಣುಪಾಗಿದ್ದರೆ, ಒದ್ದೆಯಾದ ರೆಡ್ ಆಕ್ಸೈಡ್ ನೆಲದ ಮೇಲೆ ಕೋಲು ಆಸರೆಯಾಗುವ ಬದಲು ಜಾರುತ್ತದೆ. ಬುಶ್ ಬದಲಿಸಿದರೆ ಸಾಕು, ಹೊಸ ಕೋಲು ಬೇಕಿಲ್ಲ.

ಎತ್ತರವನ್ನು ಹೆಚ್ಚಿನವರು ಅಂದಾಜಿನಲ್ಲೇ ನಿರ್ಧರಿಸುತ್ತಾರೆ; ಅದು ಸರಿಯಲ್ಲ. ಹಿರಿಯರು ದಿನವೂ ಹಾಕುವ ಚಪ್ಪಲಿ ಧರಿಸಿ, ಕೈಗಳನ್ನು ಸಡಿಲವಾಗಿ ಇಳಿಬಿಟ್ಟು ನೇರವಾಗಿ ನಿಂತಾಗ ಹಿಡಿಕೆಯು ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು, ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರಬೇಕು. ವಾಕರ್‌ಗೂ ಇದೇ ಅಳತೆ. ನೋವು ಬಲಗಾಲಿನಲ್ಲಿದ್ದರೆ ಕೋಲು ಎಡಗೈಯಲ್ಲಿರಬೇಕು. ಹಿರಿಯರನ್ನು ಇದಕ್ಕೆ ಒಪ್ಪಿಸುವುದು ಕಷ್ಟವಾದರೂ ದಯವಿಟ್ಟು ಪ್ರಯತ್ನ ಬಿಡಬೇಡಿ.

ನಮ್ಮ ಇಳಿಜಾರಿನ ಮನೆಗಳಲ್ಲಿ ಮೆಟ್ಟಿಲು ತಪ್ಪಿದ್ದಲ್ಲ. ಹತ್ತುವಾಗ ಗಟ್ಟಿಯಿರುವ ಕಾಲು ಮೊದಲು, ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮೊದಲು. ವಾಕರ್ ಅನ್ನು ಮಾತ್ರ ಮೆಟ್ಟಿಲಲ್ಲಿ ಬಳಸಬಾರದು. ಅಲ್ಲಿ ಕಂಬಿ ಹಾಕಿಸಿ. ಮಳೆಗಾಲದ ರಾತ್ರಿಗಳಲ್ಲಿ ಕರೆಂಟ್ ಹೋಗುವುದು ಮಾಮೂಲಾದ್ದರಿಂದ, ಕೋಲಿನ ಜೊತೆಗೆ ಟಾರ್ಚನ್ನೂ ಮಂಚದಿಂದಲೇ ಕೈಗೆಟಕುವಂತೆ ಇಡಿ.