ಮಾದೇಶ್ವರ – 3

ಬೆಂಗಳೂರಿನ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನನಗೆ ಕೆಲಸ. ಕೆಲವು ವರ್ಷದ ಹಿಂದೆ ಒಂದು ವಿಭಾಗದವರು ಕೊಠಡಿ ಖಾಲಿ ಮಾಡುವಾಗ ಎರಡು ಕಬ್ಬಿಣದ ಬೀರುಗಳನ್ನು ನಮ್ಮ ಕಡೆ ಸಾಗಿಸಿದರು. ‘ಹಳೇ ಪುಸ್ತಕ ಇರ್ಬೇಕು ಮೇಡಂ’ ಅಂದರು. ಬಾಗಿಲು ತೆಗೆದರೆ ಪುಸ್ತಕ ಒಂದೂ ಇಲ್ಲ. ಬರೀ ಕ್ಯಾಸೆಟ್ಟು, ದೊಡ್ಡ ಸುರುಳಿ ಟೇಪಿನ ಸ್ಪೂಲು, ಒಂದಷ್ಟು ವಿಎಚ್‌ಎಸ್ ವಿಡಿಯೋ ಟೇಪು. ಜೊತೆಗೆ ಬೂಷ್ಟಿನ ವಾಸನೆ.

ಬೆಂಗಳೂರಿನ ತಂಪು ಟೇಪಿಗೆ ಒಳ್ಳೆಯದು ಅಂತ ನಾನೂ ಅಂದುಕೊಂಡಿದ್ದೆ. ತಂಪೇನೋ ಸರಿ, ಮಳೆಗಾಲದ ತೇವ ಸರಿಯಿಲ್ಲ. ಕ್ಯಾಸೆಟ್ಟಿನ ಕಿಟಕಿಯಲ್ಲಿ ನೋಡಿದರೆ ಸುರುಳಿಯ ಅಂಚಿಗೆ ರವೆ ಉದುರಿಸಿದ ಹಾಗೆ ಬಿಳಿ ಬೂಷ್ಟು. ಅಂಥದ್ದನ್ನು ಹಾಗೇ ಹಾಕಿ ಕೇಳಬಾರದು. ಟೇಪಿನಿಂದ ದನಿ ಓದುವ ಮೆಷಿನ್ನಿನ ಹೆಡ್‌ಗೆ ಅಂಟುತ್ತದೆ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ನಾವು ಬೂಷ್ಟು ಹಿಡಿದವನ್ನು ಕವರಿಗೆ ಹಾಕಿ ಬೇರೆ ಇಟ್ಟೆವು. ಒರೆಸುವಾಗ ಮಾಸ್ಕ್ ಕಟ್ಟಿಕೊಂಡೆವು. ಸ್ಪೂಲುಗಳನ್ನು ಮುಟ್ಟಲಿಲ್ಲ. ಕೆಲವು ಅಂಟಂಟಾಗಿದ್ದವು. ಅದು ತಿಳಿದವರು ಮಾಡಬೇಕಾದ ಕೆಲಸ.

ಮೊದಲ ತೊಂದರೆ ಮೆಷಿನ್ನು. ನಮ್ಮಲ್ಲಿದ್ದ ಎರಡು ಡೆಕ್‌ಗಳ ಒಳಗಿನ ರಬ್ಬರ್ ಬೆಲ್ಟು ಕರಗಿ ಡಾಂಬರಿನ ಹಾಗಾಗಿತ್ತು. ಎಸ್‌.ಪಿ. ರೋಡಿನಲ್ಲಿ ಐದಾರು ಅಂಗಡಿ ಸುತ್ತಿದೆ. ಒಬ್ಬರು ವಯಸ್ಸಾದವರು ಡಬ್ಬಿ ತುಂಬ ಬೆಲ್ಟು ಸುರಿದು, ‘ಬೆಲ್ಟ್ ಎಷ್ಟು ಬೇಕಾದ್ರೂ ತಗೊಳ್ಳಿ ಮೇಡಂ, ಹೆಡ್ ಮಾತ್ರ ಕೇಳ್ಬೇಡಿ’ ಅಂದರು. ಅವತ್ತಿಂದ ಹೆಡ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್, ಹತ್ತಿ ಕಡ್ಡಿಯ ಸೇವೆ ದಿನಾ ನಡೆಯುತ್ತಿದೆ.

ಈ ಕೆಲಸದಲ್ಲಿ ಅವಸರ ನಡೆಯಲ್ಲ. 90 ನಿಮಿಷದ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಲು 90 ನಿಮಿಷವೇ ಬೇಕು. ನಾವು 96 ಕಿಲೋಹರ್ಟ್ಜ್, 24 ಬಿಟ್ ವೇವ್ ಫೈಲ್, ಅಂದರೆ ದನಿಯನ್ನು ಕುಗ್ಗಿಸದ ಫೈಲ್ ಮಾಡುತ್ತೇವೆ. ಸ್ಟೀರಿಯೋ ಆದರೆ ಗಂಟೆಗೆ ಸುಮಾರು 2 ಜಿಬಿ. ‘ಎಂಪಿ3 ಸಾಕಲ್ವಾ?’ ಅಂತ ಮೀಟಿಂಗಿನಲ್ಲಿ ಕೇಳಿದರು. ಕೇಳುವುದಕ್ಕೆ ಸಾಕು. ಆದರೆ ಇನ್ನೊಮ್ಮೆ ಈ ಟೇಪು ಓಡುತ್ತದೆ ಅನ್ನುವ ಭರವಸೆ ಇಲ್ಲವಲ್ಲ.

ಹೀಗೆ ಒಂದು ದಿನ ಕೈಗೆ ಬಂದದ್ದು ‘ಮಾದೇಶ್ವರ – 3’. ಮೇಲೆ ಅಷ್ಟೇ ಬರಹ. ಊರಿಲ್ಲ, ತಾರೀಖಿಲ್ಲ, ಹಾಡಿದವರ ಹೆಸರಿಲ್ಲ. ಟೇಪನ್ನು ಹೆಡ್‌ಗೆ ಒತ್ತಿ ಹಿಡಿಯುವ ಪುಟ್ಟ ಫೆಲ್ಟ್ ತುಂಡು ಉದುರಿಹೋಗಿತ್ತು. ಚಿಪ್ಪಿಗೆ ಸ್ಕ್ರೂ ಇದ್ದಿದ್ದರಿಂದ ಬಚಾವ್. ಬಿಚ್ಚಿ, ಎರಡೂ ಸುರುಳಿಗಳನ್ನು ಎತ್ತಿ ಬೇರೆ ಕ್ಯಾಸೆಟ್ಟಿನ ಚಿಪ್ಪಿಗೆ ಕೂರಿಸಿದೆ. ಫ್ಯಾನ್ ಆಫ್ ಮಾಡಿ, ಉಸಿರು ಬಿಗಿಹಿಡಿದು.

ಹಾಕಿದರೆ ಕಂಸಾಳೆ. ಆದರೆ ಕಂಬಳಿ ಹೊದ್ದು ಬಾರಿಸಿದ ಹಾಗೆ ಮಂಕು. ಇದಕ್ಕೆ ಒಂದು ಮದ್ದಿದೆ. ರೆಕಾರ್ಡ್ ಮಾಡಿದ ಮೆಷಿನ್ನಿನ ಹೆಡ್ ಕೂತಿದ್ದ ಓರೆಗೂ ನಮ್ಮ ಹೆಡ್‌ನ ಓರೆಗೂ ಕೂದಲೆಳೆ ವ್ಯತ್ಯಾಸವಿದ್ದರೂ ಮೇಲಿನ ನಾದ ಸತ್ತುಹೋಗುತ್ತದೆ. ಹೆಡ್ ಪಕ್ಕದ ಸಣ್ಣ ಸ್ಕ್ರೂವನ್ನು ಕಾಲು ಸುತ್ತೂ ಇಲ್ಲ, ಅದಕ್ಕಿಂತ ಕಮ್ಮಿ ತಿರುಗಿಸಿದೆ. ಝಲ್ ಅಂತ ತಾಳ ಎದ್ದು ಬಂತು. ಪಕ್ಕದಲ್ಲಿದ್ದ ನಮ್ಮ ಅಟೆಂಡರ್ ಬೆಚ್ಚಿ ತಿರುಗಿದರು. ಅವರ ಕಡೆ ಚಾಮರಾಜನಗರ. ‘ದೇವರಗುಡ್ಡರು ಮೇಡಂ, ಮಾದಪ್ಪನ ಕಥೆ ಹಾಡೋರು’ ಅಂದವರೇ ನಿಂತು ಕೇಳಿದರು.

ಕೊನೆಯ ಹತ್ತು ನಿಮಿಷ ಮಾತ್ರ ವಿಚಿತ್ರ. ಹಾಡುಗಾರರ ದನಿ ನಿಧಾನಕ್ಕೆ ಏರುತ್ತಾ, ತೆಳ್ಳಗಾಗುತ್ತಾ ಹೋಯಿತು. ಕುಣಿತ ರಂಗೇರಿದೆ ಅಂದುಕೊಂಡೆ. ಆಮೇಲೆ ಡೆಕ್ ಮೇಲೆ ಅನುಮಾನ ಬಂತು. ಬೆಲ್ಟು ಬದಲಾಯಿಸಿದೆ. ಬೇರೆ ಕ್ಯಾಸೆಟ್ ಹಾಕಿ ನೋಡಿದರೆ ಎಲ್ಲ ಸರಿ. ಎರಡು ದಿನ ಸುಮ್ನೆ ಕಳೆಯಿತು.

ಆ ವಿಭಾಗದ ನಿವೃತ್ತ ಮೇಷ್ಟ್ರೊಬ್ಬರಿಗೆ ಫೋನ್ ಮಾಡಿದೆ. ಬಿಎಂಟಿಸಿ ಹಿಡಿದು ತಾವೇ ಬಂದರು. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದರು. ಹಾಡಿಗಲ್ಲ, ಹಿಂದಿನ ಸದ್ದಿಗೆ ತಲೆ ಆಡಿಸಿದರು. ‘ಮಳೆ ಕಣಮ್ಮಾ. ತಗಡಿನ ಮೇಲೆ ಬೀಳ್ತಿದೆ ನೋಡು. ಜಗಲಿ ಮೇಲೆ ಕೂತಿದ್ವಿ. ಕರೆಂಟ್ ಇರ್ಲಿಲ್ಲ, ಬ್ಯಾಟರಿ ಹಾಕ್ಕೊಂಡು ರೆಕಾರ್ಡ್ ಮಾಡಿದ್ದು.’

ಆಗ ನನಗೆ ಹೊಳೆಯಿತು. ಬ್ಯಾಟರಿ ಸೋತಂತೆ ಟೇಪು ನಿಧಾನವಾಗಿ ಓಡಿದೆ. ನಿಧಾನಕ್ಕೆ ಬರೆದದ್ದನ್ನು ಸರಿಯಾದ ವೇಗದಲ್ಲಿ ಓಡಿಸಿದರೆ ದನಿ ಏರಲೇಬೇಕು. ನಾನು ಇಲ್ಲಿ ರಿಪೇರಿ ಮಾಡುತ್ತಿದ್ದ ತಪ್ಪು ಆ ಜಗಲಿ ಮೇಲೆ ಆಗಿತ್ತು!

ಮೂಲ ಫೈಲನ್ನು ಹಾಗೇ ಬಿಟ್ಟೆವು. ಕೇಳುಗರ ಪ್ರತಿಯಲ್ಲಿ ಮಾತ್ರ ವೇಗ ತಿದ್ದಿದೆ. ಎಷ್ಟು ತಿದ್ದಬೇಕು ಅಂತ ಹೇಳಿದ್ದು ಕಂಸಾಳೆಯೇ. ಮನುಷ್ಯನ ದನಿ ಏರಬಹುದು, ಇಳಿಯಬಹುದು. ಲೋಹದ ಬಟ್ಟಲಿನ ನಾದ ಏರುವುದಿಲ್ಲವಲ್ಲ. ಶುರುವಿನ ತಾಳದ ನಾದಕ್ಕೆ ಕೊನೆಯದನ್ನು ಹೊಂದಿಸುತ್ತಾ ಬಂದೆ. ದನಿ ತಾನಾಗಿ ಜಾಗಕ್ಕೆ ಕೂತಿತು.

ಮೇಷ್ಟ್ರು ಊರಿನ ಹೆಸರು ಹೇಳಿದರು. ಹಾಡಿದವರ ಹೆಸರು ಅರ್ಧ ನೆನಪಿತ್ತು, ಅರ್ಧವನ್ನೇ ಬರೆದುಕೊಂಡೆ. ಮಳೆ, ಜಗಲಿ, ಬ್ಯಾಟರಿ ಎಲ್ಲವನ್ನೂ ಕ್ಯಾಟಲಾಗಿನ ಟಿಪ್ಪಣಿಗೆ ಸೇರಿಸಿದೆ. ನನ್ನ ಕೇಳಿದರೆ ಶೀರ್ಷಿಕೆಗಿಂತ ಅದೇ ಉಪಯೋಗಕ್ಕೆ ಬರುವುದು. ಇಂಟರ್ನೆಟ್ಟಿಗೆ ಹಾಕಿಲ್ಲ. ಹಾಡಿದವರ ಮನೆಯವರನ್ನು ಕೇಳದೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಸದ್ಯಕ್ಕೆ ಗ್ರಂಥಾಲಯಕ್ಕೆ ಬಂದು ಕೇಳಬಹುದು.

‘ಮಾದೇಶ್ವರ – 4’ ಡಬ್ಬಿಯೂ ಸಿಕ್ಕಿತು. ಮೇಷ್ಟ್ರ ಮುಂದೆಯೇ ತೆಗೆದೆ. ಒಳಗಿದ್ದದ್ದು ಇಂಗ್ಲಿಷ್ ಉಚ್ಚಾರಣೆಯ ಪಾಠ. ಮೇಷ್ಟ್ರು ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡಿದರು. ‘ನಮ್ಮನೆ ಅಟ್ಟದಲ್ಲಿ ಒಂದ್ಸಲ ಹುಡುಕ್ತೀನಿ ತಾಳಮ್ಮ’ ಅಂತ ಎದ್ದರು.