ಸೋಹೋದ ಹಳೆಯ ಕಟ್ಟಡವೊಂದಕ್ಕೆ ವೇರಿಯನ್ಸ್ ಪಡೆದ ಬಗೆ

ನ್ಯೂಯಾರ್ಕ್‌ನ ಸೋಹೋದಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಎಂಬ ಏರ್ಪಾಡಿಗೆ 2021ರ ಡಿಸೆಂಬರ್‌ವರೆಗೂ ಸಾಮಾನ್ಯವಾಗಿ ವಿಶೇಷ ಅನುಮತಿ ಬೇಕಾಗುತ್ತಿತ್ತು. ಚಿಕ್ಕಪೇಟೆಯಲ್ಲಿ ಓಡಾಡಿ ಬೆಳೆದ ನನಗೆ ಇದು ವಿಚಿತ್ರವೆನಿಸಿದರೂ, ಆ ಪ್ರದೇಶ ಕಾಗದದ ಮೇಲೆ ಇನ್ನೂ ಕೈಗಾರಿಕಾ ವಲಯವೇ ಆಗಿತ್ತು. ವಾಸದ ಅವಕಾಶವಿದ್ದದ್ದು ಮುಖ್ಯವಾಗಿ ನಗರದ ಸಂಸ್ಕೃತಿ ಇಲಾಖೆಯಿಂದ ಪ್ರಮಾಣಪತ್ರ ಪಡೆದ ಕಲಾವಿದರಿಗೆ. ಜೊತೆಗೆ 1973ರಲ್ಲಿ ಎರಕದ ಕಬ್ಬಿಣದ ಮುಂಭಾಗಗಳುಳ್ಳ ಅಲ್ಲಿನ ಬೀದಿಗಳು ಐತಿಹಾಸಿಕ ಜಿಲ್ಲೆಯೆಂದು ಘೋಷಿತವಾಗಿದ್ದವು. ವಾಸ್ತುಶಿಲ್ಪಿಯಾಗಿ ನಾನು ಕಡತ ಸಿದ್ಧಪಡಿಸಿದ ಐದು ಮಹಡಿಯ ಕಟ್ಟಡ ಈ ಎರಡೂ ಕಟ್ಟಳೆಗಳಿಗೆ ಒಳಪಟ್ಟಿತ್ತು.

ಐತಿಹಾಸಿಕ ಜಿಲ್ಲೆಗಳನ್ನು ನೋಡಿಕೊಳ್ಳುವ ನಗರದ ಪರಂಪರೆ ಆಯೋಗ ಕಟ್ಟಡದ ಬಳಕೆಯ ಗೊಡವೆಗೆ ಹೋಗುವುದಿಲ್ಲ, ಅದರ ಗಮನವೆಲ್ಲ ರೂಪದ ಮೇಲೆ. ಬಳಕೆಯ ವಿನಾಯಿತಿಯನ್ನು, ಅಂದರೆ ವೇರಿಯನ್ಸನ್ನು, ಕೊಡುವುದು 1916ರಲ್ಲಿ ಸ್ಥಾಪನೆಯಾದ ಬೋರ್ಡ್ ಆಫ್ ಸ್ಟ್ಯಾಂಡರ್ಡ್ಸ್ ಅಂಡ್ ಅಪೀಲ್ಸ್. ಹಾಗಾಗಿ ಕಟ್ಟಡ ಎಷ್ಟು ಸುಂದರ, ಎಷ್ಟು ಹಳೆಯದು ಎಂಬ ವರ್ಣನೆಗೆ ಆ ಮಂಡಳಿಯ ಮುಂದೆ ಬೆಲೆ ಕಡಿಮೆ. ಪರಂಪರೆಯ ಕಟ್ಟಡಗಳಿಗೆಂದೇ ಯೋಜನಾ ಆಯೋಗದ ವಿಶೇಷ ಪರವಾನಗಿಯ ದಾರಿಯೂ ಇತ್ತು. ಅಲ್ಲಿ, ಮಂಡಳಿ ಕೇಳುವಂತೆ, ನಿಯಮ ಪಾಲಿಸಿದರೆ ಮಾಲೀಕರಿಗಾಗುವ ಸಂಕಷ್ಟವನ್ನು ಸಾಬೀತುಪಡಿಸಬೇಕಿಲ್ಲ, ಆದರೆ ನಿರಂತರ ನಿರ್ವಹಣೆಯ ಬದ್ಧತೆಯನ್ನು ಆಸ್ತಿಯ ಮೇಲೆ ನೋಂದಾಯಿಸಬೇಕು. ಮಾಲೀಕರು ಆ ಹೊರೆಗೆ ಒಪ್ಪದ ಕಾರಣ ನಾವು ಮಂಡಳಿಯ ದಾರಿಯನ್ನೇ ಹಿಡಿದೆವು.

ಮೊದಲು ಕಟ್ಟಡ ಇಲಾಖೆಗೆ ನಕ್ಷೆ ಸಲ್ಲಿಸಿ ಲಿಖಿತ ನಿರಾಕರಣೆ ಪಡೆಯಬೇಕು, ಅದಿಲ್ಲದೆ ಮಂಡಳಿಯಲ್ಲಿ ಅರ್ಜಿ ನಿಲ್ಲುವುದಿಲ್ಲ. ನಂತರ ನಗರದ ವಲಯ ನಿಯಮಾವಳಿಯ 72-21ನೇ ಪ್ರಕರಣ ಕೇಳುವ ಐದು ಅಂಶಗಳನ್ನು ಸ್ಥಾಪಿಸಬೇಕು: ನಿವೇಶನದ ವಿಶಿಷ್ಟ ಭೌತಿಕ ಸ್ಥಿತಿ, ನಿಯಮದಂತೆ ಬಳಸಿದರೆ ನ್ಯಾಯವಾದ ಆದಾಯ ಬಾರದಿರುವುದು, ನೆರೆಹೊರೆಯ ಸ್ವರೂಪ ಕೆಡದಿರುವುದು, ಸಂಕಷ್ಟ ಸ್ವಯಂಕೃತವಲ್ಲದಿರುವುದು ಮತ್ತು ಕೇಳಿದ ವಿನಾಯಿತಿ ಕನಿಷ್ಠವಾಗಿರುವುದು. ನಾಲ್ಕನೆಯದರ ಬಗ್ಗೆ ಮಾಲೀಕರಿಗೆ ಬಹಳ ಅಂಜಿಕೆಯಿತ್ತು, ಏಕೆಂದರೆ ನಿರ್ಬಂಧಗಳು ತಿಳಿದಿದ್ದೂ ಅವರು ಕಟ್ಟಡ ಕೊಂಡಿದ್ದರು. ಉಳಿದ ಅಂಶಗಳು ಸಾಬೀತಾದರೆ ಕೊಂಡದ್ದೊಂದನ್ನೇ ಸ್ವಯಂಕೃತ ಸಂಕಷ್ಟವೆಂದು ಎಣಿಸುವಂತಿಲ್ಲ ಎಂದು ಅದೇ ಪ್ರಕರಣದಲ್ಲಿ ಬರೆದಿರುವುದನ್ನು ತೋರಿಸಿದ ಮೇಲೆ ಅವರು ನಿರಾಳರಾದರು.

ಕಡತದ ಜೀವಾಳ ಮೊದಲನೆಯ ಅಂಶ. ಕಟ್ಟಡದ ಅಗಲ 25 ಅಡಿ. ಸರಕು ಇಳಿಸುವ ಕಟ್ಟೆಯಿಲ್ಲ, ಲಾರಿ ಬಂದರೆ ಬೀದಿಯಲ್ಲೇ ನಿಲ್ಲಬೇಕು. ಸರಕಿನ ಲಿಫ್ಟ್ ಎಷ್ಟು ಇಕ್ಕಟ್ಟೆಂದರೆ ಸರಕು ಪೇರಿಸುವ ಹಲಗೆ, ಅಂದರೆ ಒಂದು ಪ್ಯಾಲೆಟ್, ಅದರ ಬಾಗಿಲಲ್ಲಿ ಓರೆಯಾಗಿಯೂ ನುಗ್ಗುತ್ತಿರಲಿಲ್ಲ. ಅಳತೆಪಟ್ಟಿ ಹಿಡಿದು ತೆಗೆದ ಆ ಬಾಗಿಲಿನ ಚಿತ್ರ ಪುಟಗಟ್ಟಲೆ ವಾದಕ್ಕಿಂತ ಹೆಚ್ಚು ಕೆಲಸ ಮಾಡಿತೆಂದು ನನ್ನ ನಂಬಿಕೆ. ಮರದ ತೊಲೆಗಳು ನಡುವೆ ಜಗ್ಗಿದ್ದುದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಅಳೆದು ವರದಿ ಕೊಟ್ಟರು. ಆದರೆ ಸೋಹೋದಲ್ಲಿ ಹಳೆಯದಾಗಿರುವುದು ವಿಶಿಷ್ಟತೆಯಾಗದು, ಪಕ್ಕದ ಕಟ್ಟಡವೂ ಅಷ್ಟೇ ಹಳೆಯದು. ಅದಕ್ಕಾಗಿ ಸುತ್ತಲಿನ 400 ಅಡಿ ದೂರದೊಳಗಿನ ಪ್ರತಿಯೊಂದು ಕಟ್ಟಡದ ಅಗಲ, ಲಿಫ್ಟ್, ಸರಕಿನ ಕಟ್ಟೆ ಮತ್ತು ಬಳಕೆಯನ್ನು ಪಟ್ಟಿ ಮಾಡಿ, ಈ ಕೊರತೆಗಳೆಲ್ಲ ಒಟ್ಟಾಗಿ ಸೇರಿರುವುದು ಅಪರೂಪವೆಂದು ತೋರಿಸಿದೆವು.

ಆದಾಯದ ಲೆಕ್ಕವನ್ನು ಪರಿಣತರೊಬ್ಬರು ಮಾಡಿದರು. ಕೈಗಾರಿಕೆಯಾಗಿ ಬಳಸಿದರೆ ಎಷ್ಟು, ಅಂಗಡಿಗಷ್ಟೇ ವಿನಾಯಿತಿ ಸಿಕ್ಕರೆ ಎಷ್ಟು, ನಮ್ಮ ಪ್ರಸ್ತಾವಕ್ಕೆ ಎಷ್ಟು ಎಂದು ಮೂರನ್ನೂ ಹೋಲಿಸಿದ ಲೆಕ್ಕವದು. ಮಾಲೀಕರು ಆಸೆಪಟ್ಟಿದ್ದ ತಾರಸಿ ಮನೆ ಇಲ್ಲೇ ಬಿದ್ದುಹೋಯಿತು: ಅದಿಲ್ಲದೆಯೂ ಲೆಕ್ಕ ಸರಿದೂಗುತ್ತದೆಯಲ್ಲ ಎಂದು ವಿಚಾರಣೆಯಲ್ಲಿ ಪ್ರಶ್ನೆ ಬಂದಾಗ ಹೇಳಲು ಉತ್ತರವಿರಲಿಲ್ಲ. ಸ್ಥಳೀಯರ ಸಲಹಾ ಸಮಿತಿಯಾದ ಸಮುದಾಯ ಮಂಡಳಿಯ ಸಭೆಯಲ್ಲಿ ನಿವಾಸಿಗಳಿಗೆ ಮನೆಗಳ ಬಗ್ಗೆ ತಕರಾರಿರಲಿಲ್ಲ, ತಡರಾತ್ರಿಯ ಬಾರ್ ಬಂದೀತೆಂಬ ಭಯವಿತ್ತು. ನೆಲಮಹಡಿಯಲ್ಲಿ ಹೋಟೆಲಾಗಲಿ ಬಾರಾಗಲಿ ಇರದೆಂಬ ಷರತ್ತನ್ನು ನಾವೇ ಮುಂದಿಟ್ಟೆವು, ಆ ಷರತ್ತು ಆದೇಶದಲ್ಲೂ ಸೇರಿತು.

ಅಂಗಡಿಯ ಮುಂಭಾಗಕ್ಕೆ ಪರಂಪರೆ ಆಯೋಗದ ಅನುಮತಿಯನ್ನು ಮಂಡಳಿಯ ತೀರ್ಪಿಗೆ ಕಾಯದೆ ಜೊತೆಜೊತೆಗೇ ಪಡೆಯುವುದು ಜಾಣತನ. ವೇರಿಯನ್ಸ್ ಸಿಕ್ಕ ನಾಲ್ಕು ವರ್ಷದೊಳಗೆ ಕಾಮಗಾರಿ ಬಹುಪಾಲು ಮುಗಿಯದಿದ್ದರೆ ಅನುಮತಿ ರದ್ದಾಗುತ್ತದೆ, ಗಾಜಿನ ಚೌಕಟ್ಟಿನ ಬಣ್ಣದ ಚರ್ಚೆಯಲ್ಲಿ ಕಳೆದ ತಿಂಗಳುಗಳೂ ಆ ಅವಧಿಯಲ್ಲೇ ಸೇರುತ್ತವೆ.